ಅದೇ ಅಳತೆ, ಬೇರೆ ಮಾಲು: ಪ್ಲಾಸ್ಟಿಕ್–ರಬ್ಬರ್ ಮಿಶ್ರಣದ ಒಳಗನ್ನು ಓದುವುದು ಹೇಗೆ

ನನ್ನ ಮೇಜಿನ ಡ್ರಾಯರ್‌ನಲ್ಲಿ ಬೈಕ್ ಮಡ್‌ಗಾರ್ಡಿನ ಎರಡು ಚೂರುಗಳಿವೆ. ಎರಡೂ ಕಪ್ಪು. ಎರಡೂ ಪೀಣ್ಯದ ನಮ್ಮ ಶೆಡ್ಡಿನಲ್ಲೇ ಮಾಡಿದ ಮಾಲಿನವು. 75 ಭಾಗ ಪಾಲಿಪ್ರೊಪಿಲೀನ್, 25 ಭಾಗ ಇಪಿಡಿಎಂ ರಬ್ಬರ್. ಅಳತೆಯಲ್ಲಿ ಏನೂ ವ್ಯತ್ಯಾಸ ಇಲ್ಲ. ಒಂದನ್ನು ಎಷ್ಟು ಬಗ್ಗಿಸಿದರೂ ಬಗ್ಗುತ್ತದೆ. ಇನ್ನೊಂದು ಉತ್ತರದ ಒಂದು ಚಳಿ ಊರಿನಲ್ಲಿ, ಜನವರಿ ಬೆಳಗ್ಗೆ, ಗಾಡಿ ಗುಂಡಿಗೆ ಇಳಿದ ಏಟಿಗೆ ಗಾಜಿನ ಹಾಗೆ ಒಡೆದು ವಾಪಸ್ ಬಂದದ್ದು.

ಆ ಬ್ಯಾಚ್ ಹೋಗುವ ಮೊದಲು ನಾನೇ ಪರೀಕ್ಷೆಯ ಹಾಳೆಗೆ ಸಹಿ ಹಾಕಿದ್ದೆ. ಗಡಸುತನ ಸರಿ ಇತ್ತು. ಸಾಂದ್ರತೆ ಸರಿ ಇತ್ತು. ಎಂಎಫ್‌ಐ, ಅಂದರೆ ಕರಗಿದ ಮಾಲು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವ ಲೆಕ್ಕ, ಸ್ವಲ್ಪ ಕಡಿಮೆ ಬಂದಿದ್ದರೂ ಮಿತಿಯೊಳಗೇ ಇತ್ತು. ಆದರೂ ಒಡೆಯಿತು. ಯಾಕೆ ಅಂತ ಹುಡುಕುತ್ತಾ ಹೋದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಂಪೌಂಡಿಂಗ್ ಮಾಡುವವರಿಗೆ, ಮೋಲ್ಡಿಂಗ್ ಶಾಪ್ ಇಟ್ಟವರಿಗೆ, ಪಾಲಿಮರ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿದ ಮಕ್ಕಳಿಗೆ ಇದು ಉಪಯೋಗವಾಗಬೇಕು ಅನ್ನುವುದು ನನ್ನ ಆಸೆ.

ಮೊದಲು ಇದನ್ನು ಒಪ್ಪಿಕೊಳ್ಳಿ: ಅವು ಬೆರೆತಿಲ್ಲ

ಕರಗಿಸಿ ತಿರುವಿದರೆ ಎರಡು ಪ್ಲಾಸ್ಟಿಕ್ ಒಂದಾಗುತ್ತವೆ ಅಂತ ನಮಗೆ ಅನಿಸುತ್ತದೆ. ಹೆಚ್ಚಿನ ಜೋಡಿಗಳು ಒಂದಾಗುವುದಿಲ್ಲ. ಕಾರಣ ಹೂವಿನಂಗಡಿಯಲ್ಲಿ ಸಿಗುತ್ತದೆ. ಒಂದು ಬುಟ್ಟಿಗೆ ಬಿಡಿ ಮಲ್ಲಿಗೆ, ಬಿಡಿ ಕನಕಾಂಬರ ಸುರಿದು ಕೈಯಾಡಿಸಿ. ಎರಡು ಸಲ ತಿರುವಿದರೆ ಸಾಕು, ಬೆರೆತು ಹೋಗುತ್ತವೆ. ಈಗ ಅದೇ ಹೂವನ್ನು ಉದ್ದುದ್ದ ಮಾಲೆ ಕಟ್ಟಿ ಬುಟ್ಟಿಗೆ ಹಾಕಿ ತಿರುವಿ. ಒಂದು ಹೂವು ಜಾಗ ಬದಲಿಸಬೇಕಾದರೆ ಪಕ್ಕದ ಹೂವೂ ಜೊತೆಗೆ ಬರಬೇಕು. ಹಾಗಾಗಿ ಬೆರೆಯುವ ದಾರಿಗಳೇ ಕಡಿಮೆ. ಪಾಲಿಮರ್ ಅಂದರೆ ಸಾವಿರಾರು ಕೊಂಡಿಗಳ ಮಾಲೆ. ಬೆರೆತು ಸಿಗುವ ಲಾಭ ಅಷ್ಟು ಸಣ್ಣದಾದಾಗ, ಎರಡರ ನಡುವೆ ಒಂದು ಚೂರು ಇಷ್ಟವಿಲ್ಲದಿದ್ದರೂ ಬೇರೆಬೇರೆಯಾಗಿಯೇ ನಿಲ್ಲುತ್ತವೆ. ನೋಡಲು ಅಣ್ಣತಮ್ಮಂದಿರ ಹಾಗಿರುವ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಕೂಡ ಬೆರೆಯುವುದಿಲ್ಲ. ಗುಜರಿ ಮಾಲು ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ನಿಜವಾಗಿ ಬೆರೆಯುವ ಜೋಡಿಗಳೂ ಇವೆ. ಪಾಲಿಫಿನೈಲೀನ್ ಆಕ್ಸೈಡ್ ಮತ್ತು ಪಾಲಿಸ್ಟೈರೀನ್ ಯಾವ ಅಳತೆಯಲ್ಲಿ ಹಾಕಿದರೂ ಒಂದಾಗುತ್ತವೆ. 1960ರ ದಶಕದಲ್ಲಿ ಬಂದ ನೋರಿಲ್ ಅನ್ನುವ ಪ್ಲಾಸ್ಟಿಕ್ ಇದರ ಮೇಲೇ ನಿಂತದ್ದು. ಆದರೆ ದಿನನಿತ್ಯ ನಮ್ಮ ಕೈಗೆ ಬರುವುದು ಬೆರೆಯದ ಜೋಡಿಗಳೇ. ಅಲ್ಲಿ ಒಂದು ಹೊರಗೆ ಹರಡಿ ನಿಂತಿರುತ್ತದೆ, ಇನ್ನೊಂದು ಹನಿಹನಿಯಾಗಿ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಯಾವುದು ಹೊರಗಿದೆ, ಹನಿ ಎಷ್ಟು ದಪ್ಪ, ಹನಿ ಸುತ್ತಲಿನದ್ದನ್ನು ಗಟ್ಟಿಯಾಗಿ ಹಿಡಿದುಕೊಂಡಿದೆಯಾ? ಮಾಲು ಕೈಗೆ ಬಂದಾಗ ಕೇಳಬೇಕಾದ್ದು ಈ ಮೂರು.

ಯಾವುದು ಹೊರಗಿದೆ?

ನಮ್ಮದು ಸುಳ್ಯದ ಕಡೆ. ಅಮ್ಮ ಮೊಸರು ಕಡೆಯುವುದನ್ನು ನೋಡುತ್ತಾ ಬೆಳೆದವಳು ನಾನು. ಕೆನೆಯಲ್ಲಿ ನೀರು ಹೊರಗೆ, ಜಿಡ್ಡು ಹನಿಯಾಗಿ ಒಳಗೆ. ಕಡೆಗೋಲು ತಿರುಗುತ್ತಾ ತಿರುಗುತ್ತಾ ಒಂದು ಗಳಿಗೆಯಲ್ಲಿ ಶಬ್ದ ಬದಲಾಗುತ್ತದೆ, ಕೋಲು ಭಾರವಾಗುತ್ತದೆ, ಬೆಣ್ಣೆ ಕೂಡುತ್ತದೆ. ಆ ಗಳಿಗೆಯಲ್ಲಿ ಒಳಗಿದ್ದದ್ದು ಹೊರಗೆ ಬಂತು. ಬೆಣ್ಣೆಯಲ್ಲಿ ಜಿಡ್ಡು ಹೊರಗೆ, ನೀರು ಸಣ್ಣ ಹನಿಯಾಗಿ ಒಳಗೆ. ತುಪ್ಪ ಕಾಯಿಸುವಾಗ ಚಟಪಟ ಅನ್ನುವುದು ಆ ನೀರ ಹನಿಗಳೇ. ಕೆನೆ ಹರಿಯುತ್ತದೆ, ಬೆಣ್ಣೆ ಉಂಡೆಯಾಗಿ ನಿಲ್ಲುತ್ತದೆ. ಇದ್ದದ್ದು ಅದೇ ನೀರು, ಅದೇ ಜಿಡ್ಡು. ಮಜ್ಜಿಗೆ ಒಂದಷ್ಟು ಹೊರಬಿತ್ತು ನಿಜ, ಆದರೆ ಗುಣ ಬದಲಾದದ್ದು ಹೊರಗಿರುವುದು ಬದಲಾದದ್ದರಿಂದ.

ಪ್ಲಾಸ್ಟಿಕ್ಕಿನಲ್ಲೂ ಹೀಗೇ. ಪಾಲಿಪ್ರೊಪಿಲೀನ್ ಹೊರಗಿದ್ದರೆ ಮಾಲು ಗಡುಸು, ಕರಗಿಸಿ ಮೋಲ್ಡ್ ಮಾಡಬಹುದು, 165 ಡಿಗ್ರಿ ಹತ್ತಿರದವರೆಗೂ ಕರಗುವುದಿಲ್ಲ. ರಬ್ಬರ್ ಹೊರಗೆ ಬಂದರೆ ಮೆತ್ತಗೆ, ಜಿಗುಟು. ಯಾವುದು ಹೊರಗೆ ನಿಲ್ಲಬೇಕು ಅನ್ನುವುದನ್ನು ಬರೀ ಪ್ರಮಾಣ ತೀರ್ಮಾನಿಸುವುದಿಲ್ಲ. ಕರಗಿದಾಗ ತೆಳ್ಳಗಿರುವುದು ಹರಡಿಕೊಂಡು ಹೊರಗೆ ನಿಲ್ಲುತ್ತದೆ, ಗಟ್ಟಿಯಾಗಿರುವುದು ಹನಿಯಾಗುತ್ತದೆ. ಅಂದಾಜಿಗೆ ಒಂದು ಲೆಕ್ಕ ಇದೆ. ಎರಡರ ಪ್ರಮಾಣದ ಅನುಪಾತವೂ ಸ್ನಿಗ್ಧತೆಯ (ಕರಗಿದಾಗ ಎಷ್ಟು ಗಟ್ಟಿ ಅನ್ನುವುದರ) ಅನುಪಾತವೂ ಹೆಚ್ಚುಕಡಿಮೆ ಸಮ ಆದ ಕಡೆ ಎರಡೂ ಹೊರಗೇ ಇರುತ್ತವೆ, ಒಂದರೊಳಗೊಂದು ಬೇರಿನ ಹಾಗೆ ಹೆಣೆದುಕೊಂಡು. ಹಾಗಾಗಿ 50:50 ಹಾಕಿದರೆ ಎರಡೂ ಸಮವಾಗಿ ಹೆಣೆದುಕೊಳ್ಳುತ್ತವೆ ಅಂತ ನಂಬಬೇಡಿ.

ಇದನ್ನು ಶಾಪ್‌ನಲ್ಲೇ ನೋಡಬಹುದು. ಮಾಲಿನ ಒಂದು ಸಣ್ಣ ತುಂಡು ತೂಗಿ, ಮುಚ್ಚಳ ಇರುವ ಗಾಜಿನ ಬಾಟಲಿಯಲ್ಲಿ ಕ್ಸೈಲೀನ್ ಹಾಕಿ ಮುಳುಗಿಸಿಡಿ. ಬಿಸಿ ಮಾಡಬೇಡಿ. ತಣ್ಣಗಿನ ಕ್ಸೈಲೀನ್‌ಗೆ ಪಾಲಿಪ್ರೊಪಿಲೀನ್ ಕರಗುವುದಿಲ್ಲ, ವಲ್ಕನೈಸ್ ಆಗದ, ಅಂದರೆ ಮಾಲೆಗಳ ನಡುವೆ ಬಿಚ್ಚದ ಗಂಟು ಹಾಕದ, ರಬ್ಬರ್ ಕರಗುತ್ತದೆ. ಒಂದೆರಡು ದಿನ ಬಿಟ್ಟು ನೋಡಿ. ತುಂಡು ಆಕಾರ ಬಿಡದೆ ನಿಂತಿದ್ದರೆ ಪಾಲಿಪ್ರೊಪಿಲೀನ್ ಹೊರಗಿದೆ ಅಂತ. ತುಂಡು ಕಳಚಿ ಪುಡಿಯಾಗಿ ತಳ ಸೇರಿದ್ದರೆ ರಬ್ಬರ್ ಹೊರಗಿತ್ತು, ಅದು ಕರಗಿಹೋದ ಮೇಲೆ ಹಿಡಿದುಕೊಳ್ಳಲು ಏನೂ ಉಳಿದಿಲ್ಲ. ತುಂಡು ನಿಂತಿದೆ, ಆದರೂ ಒಣಗಿಸಿ ತೂಗಿದರೆ ಹಾಕಿದ ರಬ್ಬರ್ ಪೂರ್ತಿ ಕಾಣೆಯಾಗಿದೆ ಅಂದರೆ, ಎರಡೂ ಹೆಣೆದುಕೊಂಡಿದ್ದವು. ಕ್ಸೈಲೀನ್ ಹೊಗೆ ಒಳ್ಳೆಯದಲ್ಲ, ಬೆಂಕಿಯೂ ಬೇಗ ಹಿಡಿಯುತ್ತದೆ. ಗಾಳಿಯಾಡುವ ಜಾಗ, ಸರಿಯಾದ ಗ್ಲೌಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹನಿ ಎಷ್ಟು ದಪ್ಪ?

ಮಡ್‌ಗಾರ್ಡ್ ಒಡೆದದ್ದು ಇಲ್ಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪಾಲಿಪ್ರೊಪಿಲೀನ್ 0 ಡಿಗ್ರಿ ಆಸುಪಾಸಿನಲ್ಲಿ ಗಾಜಿನ ಸ್ವಭಾವಕ್ಕೆ ತಿರುಗುತ್ತದೆ. ಬೆಂಗಳೂರಿನ ಚಳಿಗೆ ಅದು ಗೊತ್ತೇ ಆಗುವುದಿಲ್ಲ. ಇಪಿಡಿಎಂ ಮೈನಸ್ 50 ಡಿಗ್ರಿಯ ಹತ್ತಿರದವರೆಗೂ ರಬ್ಬರಾಗಿಯೇ ಇರುತ್ತದೆ. ಅದಕ್ಕೇ ಹಾಕುವುದು. ಏಟು ಬಿದ್ದಾಗ ಪ್ರತಿ ರಬ್ಬರ್ ಹನಿಯ ಸುತ್ತ ಒತ್ತಡ ಕೂಡುತ್ತದೆ. ಹನಿಯೊಳಗೆ ಸಣ್ಣ ಟೊಳ್ಳು ಬೀಳುತ್ತದೆ. ಸುತ್ತಲಿನ ಪ್ಲಾಸ್ಟಿಕ್ ಒಡೆಯುವ ಬದಲು ಎಳೆದುಕೊಳ್ಳಲು ಶುರು ಮಾಡುತ್ತದೆ. ಕೋಟಿಗಟ್ಟಲೆ ಜಾಗದಲ್ಲಿ ಹೀಗೆ ಚೂರುಚೂರು ಎಳೆದುಕೊಂಡರೆ ಏಟಿನ ಶಕ್ತಿ ಅಲ್ಲೇ ಕರಗುತ್ತದೆ. ಬಣ್ಣ ಹಾಕದ ಮಾಲನ್ನು ಬಗ್ಗಿಸಿದಾಗ ಬಿಳಿ ಗೆರೆ ಮೂಡುತ್ತದೆ ಅಲ್ವಾ? ಆ ಟೊಳ್ಳುಗಳು ಬೆಳಕನ್ನು ಚದುರಿಸುವುದರಿಂದ ಕಾಣುವ ಬಿಳಿ ಅದು.

ಈಗ ಹನಿ ದಪ್ಪ ಇದ್ದರೆ? ಅದೇ 25 ಭಾಗ ರಬ್ಬರ್, ಆದರೆ ಹನಿಗಳ ಸಂಖ್ಯೆ ಕಡಿಮೆ, ನಡುವಿನ ಅಂತರ ಜಾಸ್ತಿ. ಹನಿಯ ಅಡ್ಡಳತೆ ಅರ್ಧ ಮಾಡಿದರೆ ಸಂಖ್ಯೆ ಎಂಟು ಪಟ್ಟಾಗುತ್ತದೆ, ಅಂತರವೂ ಅರ್ಧಕ್ಕೆ ಇಳಿಯುತ್ತದೆ. ಡುಪಾಂಟ್ ಕಂಪನಿಯ ಸೌಹೆಂಗ್ ವೂ 1985ರಲ್ಲಿ ರಬ್ಬರ್ ಹಾಕಿದ ನೈಲಾನ್ 66ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಹನಿಗಳ ನಡುವಿನ ಪ್ಲಾಸ್ಟಿಕ್ ಗೋಡೆ ಸುಮಾರು 0.3 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ತೆಳ್ಳಗಾದರೆ ಮಾಲು ಗಟ್ಟಿಮುಟ್ಟು, ದಪ್ಪ ಉಳಿದರೆ ಪುಟಕ್ಕನೆ ಮುರಿಯುವಂಥದ್ದು. ನಡುವೆ ಮೆಲ್ಲಗೆ ಇಳಿಯುವ ದಾರಿ ಇಲ್ಲ, ಮೆಟ್ಟಿಲು ಇಳಿದ ಹಾಗೆ ಧುಮುಕುತ್ತದೆ.

ಪಾಲಿಸ್ಟೈರೀನ್ ಇದಕ್ಕೆ ಸ್ವಲ್ಪ ಬೇರೆ. ಫ್ರಿಜ್ಜಿನ ಒಳಗೋಡೆಗೆ ಬಳಸುವ ಹಿಪ್ಸ್‌ನಲ್ಲಿ, ಅಂದರೆ ರಬ್ಬರ್ ಹಾಕಿದ ಪಾಲಿಸ್ಟೈರೀನ್‌ನಲ್ಲಿ, ಹನಿ 1 ಮೈಕ್ರಾನ್‌ಗಿಂತ ದಪ್ಪ ಇದ್ದರೇ ಒಳ್ಳೆಯದು. ಅದರ ಒಂದು ಹನಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ನೋಡಿದರೆ ದಾಳಿಂಬೆ ಕೊಯ್ದ ಹಾಗಿರುತ್ತದೆ. ನಡುವಿನ ಪೊರೆಗಳು ರಬ್ಬರ್, ಕಾಳುಗಳು ಪಾಲಿಸ್ಟೈರೀನ್. ಹೀಗೆ ಹೊಟ್ಟೆ ತುಂಬಿಕೊಂಡಿರುವುದರಿಂದ, ನೂರಕ್ಕೆ ಏಳೆಂಟು ಭಾಗ ರಬ್ಬರ್ ಹಾಕಿದರೂ ಅದು ಇಪ್ಪತ್ತಕ್ಕೂ ಹೆಚ್ಚು ಭಾಗದ ಕೆಲಸ ಮಾಡುತ್ತದೆ. ಹಾಗಾಗಿ ಒಂದು ಪ್ಲಾಸ್ಟಿಕ್ಕಿನ ಹನಿಯಳತೆಯನ್ನು ಇನ್ನೊಂದಕ್ಕೆ ಹಾಗೇ ಎತ್ತಿ ಹಾಕಬೇಡಿ.

ನಮ್ಮ ಹಳೇ ಪರೀಕ್ಷೆಗಳಿಗೆ ಯಾಕೆ ಇದು ಸಿಗಲಿಲ್ಲ? ಗಡಸುತನ, ಬಿಗುವು ಇವೆಲ್ಲ ಮುಖ್ಯವಾಗಿ ರಬ್ಬರ್ ಎಷ್ಟಿದೆ, ಯಾವುದು ಹೊರಗಿದೆ ಅನ್ನುವುದರ ಮೇಲೆ ನಿಂತಿವೆ. ಹನಿಯ ಅಳತೆ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಏಟಿನ ಪರೀಕ್ಷೆಗೆ, ಅದರಲ್ಲೂ ಚಳಿಯಲ್ಲಿ ಕೊಟ್ಟ ಏಟಿಗೆ ಮಾತ್ರ ಅದು ಕಾಣುತ್ತದೆ. ನಾನು ಆ ಪರೀಕ್ಷೆ ಮಾಡಿಸಿರಲಿಲ್ಲ.

ವಾಪಸ್ ಬಂದ ಚೂರನ್ನೂ ಹಳೇ ಒಳ್ಳೆಯ ಚೂರನ್ನೂ ದ್ರವ ನೈಟ್ರೋಜನ್‌ನಲ್ಲಿ ತಣಿಸಿ ಮುರಿಸಿ, ರಬ್ಬರನ್ನು ದ್ರಾವಕದಿಂದ ತೊಳೆಸಿ, ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ತೆಗೆಸಿದೆ. ಒಳ್ಳೆಯದರಲ್ಲಿ ಹನಿ ಇದ್ದ ಗುಳಿಗಳು ಒಂದು ಮೈಕ್ರಾನ್ ಒಳಗೆ, ಸಾಸಿವೆ ಚೆಲ್ಲಿದ ಹಾಗೆ. ಕೆಟ್ಟದರಲ್ಲಿ ಹತ್ತು ಮೈಕ್ರಾನ್‌ವರೆಗಿನ ಹೊಂಡಗಳು. ಹೊಂಡದ ಅಂಚು ನುಣ್ಣಗೆ, ಚಮಚದಲ್ಲಿ ತೆಗೆದಷ್ಟು ನುಣ್ಣಗೆ ಇತ್ತು. ಚಿತ್ರವನ್ನು ನಮ್ಮ ಮೆಷಿನ್ ನೋಡಿಕೊಳ್ಳುವ ಅಣ್ಣನಿಗೆ ತೋರಿಸಿದೆ. ಅವರು ತುಮಕೂರಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು.

‘ಮುದ್ದೆಯಲ್ಲಿ ಗಂಟು ಉಳಿದಂಗೈತಲ್ಲ ಮೇಡಂ,’ ಅಂದರು.

‘ಗಂಟು ಯಾಕೆ ಉಳೀತದೆ ಅಣ್ಣಾ?’

‘ಎಸರು ತೆಳ್ಳಗಿದ್ದಾಗ ಕೋಲಾಡಿಸಿದರೆ ಗಂಟು ತೇಲಾಡ್ತದೆ, ಒಡೆಯಲ್ಲ. ಗಟ್ಟಿ ಆದ ಮೇಲೆ ಒತ್ತಿ ತಿರುವಬೇಕು. ಆವಾಗ ಒಡೀತದೆ.’

ನನಗೆ ಬೇಕಾಗಿದ್ದದ್ದು ಅದೇ ಮಾತು. ಆ ತಿಂಗಳು ನಾವು ವಾಡಿಕೆಯಾಗಿ ತರಿಸುವ ಇಪಿಡಿಎಂ ಸಿಗದೆ, ಬೇರೆ ಗ್ರೇಡ್ ಹಾಕಿದ್ದೆವು. ಹಳೆಯದರ ಮೂನಿ 25ರ ಹತ್ತಿರ, ಹೊಸದು 80. ಮೂನಿ ಅಂದರೆ ರಬ್ಬರ್ ತಿರುವಲು ಎಷ್ಟು ಗಟ್ಟಿ ಅನ್ನುವ ಅಳತೆ. ಸುತ್ತಲಿನ ಪಾಲಿಪ್ರೊಪಿಲೀನ್ ಎಸರಿನಷ್ಟು ತೆಳ್ಳಗೆ, ರಬ್ಬರ್ ಅದಕ್ಕಿಂತ ಎಷ್ಟೋ ಗಟ್ಟಿ. ಹನಿ ಸುತ್ತಲಿನದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಗಟ್ಟಿ ಇದ್ದರೆ, ಬರೀ ಸವರುವ ಹರಿವಿನಲ್ಲಿ, ಅಂದರೆ ಪದರದ ಮೇಲೆ ಪದರ ಜಾರುವ ಹರಿವಿನಲ್ಲಿ, ಅದು ಒಡೆಯುವುದೇ ಇಲ್ಲ, ಸುಮ್ನೆ ತನ್ನ ಸುತ್ತ ತಾನೇ ಉರುಳುತ್ತಿರುತ್ತದೆ. ತುಂಬಾ ಗಟ್ಟಿ ಹನಿ ಹೀಗೆ ಒಡೆಯದೆ ಉಳಿಯುವುದನ್ನು ವಿಜ್ಞಾನಿ ಜಿ. ಐ. ಟೇಲರ್ 1930ರ ದಶಕದಲ್ಲೇ ದ್ರವದ ಹನಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದರು.

ಹನಿ ಸಣ್ಣ ಮಾಡಲು ನಾವು ಈಗ ಮಾಡುವುದು

ರಬ್ಬರನ್ನೂ ಪ್ಲಾಸ್ಟಿಕ್ಕನ್ನೂ ಆರಿಸುವಾಗಲೇ, ನಾವು ಓಡಿಸುವ ಬಿಸಿಯಲ್ಲಿ ಎರಡರ ಸ್ನಿಗ್ಧತೆ ಹತ್ತಿರ ಇರುವ ಹಾಗೆ ನೋಡಿಕೊಳ್ಳುತ್ತೇವೆ. ಸರಬರಾಜು ಮಾಡುವವರ ಹಾಳೆಯಲ್ಲಿ ‘ಇಪಿಡಿಎಂ’ ಅಂತ ಇದ್ದರೆ ಸಾಲದು, ಮೂನಿ ಎಷ್ಟು ಅಂತ ಕೇಳಿ ಬರೆದುಕೊಳ್ಳಿ. ಬದಲಿ ಗ್ರೇಡ್ ಬಂತು ಅಂದರೆ ಅದು ಹೊಸ ಮಾಲು ಅಂತಲೇ ತಿಳಿದು ಪರೀಕ್ಷೆ ಮೊದಲಿನಿಂದ ಮಾಡಿ.

ಬಿಸಿ ಏರಿಸಿದರೆ ಚೆನ್ನಾಗಿ ಬೆರೆಯುತ್ತದೆ ಅನ್ನುವ ನಂಬಿಕೆ ಬಿಡಿ. ತುಂಬಾ ಜನ ಇಲ್ಲೇ ಎಡವುತ್ತಾರೆ. ಬಿಸಿ ಏರಿದರೆ ಎಸರು ಇನ್ನೂ ತೆಳ್ಳಗಾಗುತ್ತದೆ, ಗಂಟನ್ನು ಒತ್ತುವ ಬಲ ಹೋಗುತ್ತದೆ. ನಾವು ಟ್ವಿನ್ ಸ್ಕ್ರೂನ, ಅಂದರೆ ಎರಡು ಸ್ಕ್ರೂ ತಿರುಗಿ ಮಾಲು ಬೆರೆಸುವ ಮೆಷಿನ್ನಿನ, ತಿರುವುವ ಭಾಗದಲ್ಲಿ 200 ಇದ್ದದ್ದನ್ನು 185ಕ್ಕೆ ಇಳಿಸಿದೆವು. ಮೋಟಾರಿನ ಆಂಪ್ಸ್ ಏರಿತು. ಎಸರು ಗಟ್ಟಿಯಾಗಿ ಹನಿಯನ್ನು ಒತ್ತುತ್ತಿದೆ ಅನ್ನುವುದರ ಗುರುತು ಆ ಏರಿಕೆ. ಮೆಷಿನ್ ತಡೆಯುವ ಮಿತಿಯೊಳಗೆ ಇರಲಿ, ಅಷ್ಟೇ.

ನೀಡಿಂಗ್ ಬ್ಲಾಕ್‌ಗಳು, ಅಂದರೆ ಸ್ಕ್ರೂ ಮೇಲೆ ಮಾಲನ್ನು ನಾದುವ ತುಂಡುಗಳು, ಸವೆದಿವೆಯಾ ನೋಡಿ. ಗಟ್ಟಿ ಹನಿಯನ್ನು ಸವರಿ ಒಡೆಯಲು ಆಗದಿದ್ದರೂ ಹಿಂಡಿ, ಎಳೆದು ಒಡೆಯಬಹುದು. ಆ ಹಿಂಡುವ ಕೆಲಸ ನಡೆಯುವುದು ಬ್ಲಾಕ್‌ಗಳ ಸಂದಿಯಲ್ಲಿ. ಬ್ಲಾಕ್ ಸವೆದು ಸಂದಿ ಅಗಲವಾದರೆ ಮಾಲು ಪಕ್ಕದಿಂದ ಜಾರಿಕೊಂಡು ಹೋಗುತ್ತದೆ.

ಸಣ್ಣ ಮಾಡಿದ ಹನಿ ಸಣ್ಣದಾಗಿಯೇ ಉಳಿಯಬೇಕು. ಕರಗಿದ ಮಾಲು ಬ್ಯಾರೆಲ್‌ನಲ್ಲಿ ಸುಮ್ನೆ ನಿಂತರೆ ಹನಿಗಳು ಮತ್ತೆ ಕೂಡಿಕೊಂಡು ದಪ್ಪವಾಗುತ್ತವೆ, ಸಾರಿನ ಮೇಲಿನ ಎಣ್ಣೆ ಕೂಡಿಕೊಂಡ ಹಾಗೆ. ಊಟಕ್ಕೆ ಮೆಷಿನ್ ನಿಲ್ಲಿಸಿ ಬಂದು, ಬ್ಯಾರೆಲ್‌ನಲ್ಲಿ ಉಳಿದದ್ದನ್ನೇ ಮೋಲ್ಡಿಗೆ ಹೊಡೆದರೆ ಆ ಪೀಸುಗಳನ್ನು ನಾನು ನಂಬುವುದಿಲ್ಲ. ಪರ್ಜ್ ಮಾಡಿ ತೆಗೆದು ಹಾಕಿ.

ಹಿಡಿದುಕೊಂಡಿದೆಯಾ?

ದ್ರಾವಕದಲ್ಲಿ ತೊಳೆಯದ ಒಡೆದ ಮುಖದಲ್ಲೂ ಗುಳಿಯ ಅಂಚು ನುಣ್ಣಗಿದೆ ಅಂದರೆ ಹನಿ ಸುತ್ತಲಿನದ್ದನ್ನು ಹಿಡಿದುಕೊಂಡಿರಲಿಲ್ಲ, ಕಳಚಿ ಬಂದಿದೆ. ಪಾಲಿಪ್ರೊಪಿಲೀನ್–ಇಪಿಡಿಎಂ ಜೋಡಿಗೆ ಒಬ್ಬರಿಗೊಬ್ಬರು ಅಷ್ಟು ದೂರದವರಲ್ಲ, ಹನಿ ಸಣ್ಣ ಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ. ನೈಲಾನ್‌ಗೆ ಬರೀ ಇಪಿಡಿಎಂ ಹಾಕಿ ನೋಡಿ, ಪೀಸು ಪದರಪದರವಾಗಿ ಏಳುತ್ತದೆ, ಉಗುರಿನಿಂದ ಸುಲಿಯಬಹುದು. ಅಲ್ಲಿ ಮಲೇಯಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಇಪಿಡಿಎಂ ಬೇಕು. ನೈಲಾನ್ ಸರಪಳಿಯ ತುದಿಯ ಅಮೈನ್ ಅದನ್ನು ಹಿಡಿದು ಗಂಟು ಹಾಕಿಕೊಳ್ಳುತ್ತದೆ. ಈ ಗಂಟು ಎರಡು ಕೆಲಸ ಮಾಡುತ್ತದೆ. ಹನಿಯನ್ನು ಸುತ್ತಲಿನದ್ದಕ್ಕೆ ಕಟ್ಟುತ್ತದೆ, ಹನಿಗಳು ಮತ್ತೆ ಕೂಡಿಕೊಳ್ಳದಂತೆ ನಡುವೆ ನಿಂತು ತಡೆಯುತ್ತದೆ. ಕಸಿ ಮಾಡಿದ್ದನ್ನು ಹಾಕುವ ಮೊದಲು ನೈಲಾನ್ ಚೆನ್ನಾಗಿ ಒಣಗಿಸಿ. ತೇವ ಇದ್ದರೆ ಬಿಸಿಯಲ್ಲಿ ನೈಲಾನ್ ಸರಪಳಿಯೇ ಕಡಿದುಹೋಗುತ್ತದೆ.

ರಬ್ಬರಿನ ಗುಣ ಬೇಕು, ಪ್ಲಾಸ್ಟಿಕ್ಕಿನ ಹಾಗೆ ಮೋಲ್ಡ್ ಆಗಬೇಕು ಅಂದರೆ

ಇಲ್ಲಿ ಎರಡು ದಾರಿ. ಒಂದು ಎಸ್‌ಬಿಎಸ್. 1965ರಲ್ಲಿ ಶೆಲ್ ಕಂಪನಿ ಕ್ರೇಟಾನ್ ಹೆಸರಲ್ಲಿ ತಂದದ್ದು. ಒಂದೇ ಸರಪಳಿಯ ನಡುವೆ ರಬ್ಬರ್, ಎರಡೂ ತುದಿಗೆ ಪಾಲಿಸ್ಟೈರೀನ್. ತುದಿಗಳು ಬೇರೆಯಾಗಬೇಕು ಅನ್ನುತ್ತವೆ, ಆದರೆ ಕಟ್ಟಿಹಾಕಿದೆ, ದೂರ ಹೋಗುವ ಹಾಗಿಲ್ಲ. ಹಾಗಾಗಿ ಹತ್ತಿರದಲ್ಲೇ ಸಣ್ಣ ಗುಂಪಾಗುತ್ತವೆ, ಒಂದೊಂದು ಗುಂಪೂ ಕೆಲವೇ ಹತ್ತು ನ್ಯಾನೋಮೀಟರ್. ಅಷ್ಟು ಸಣ್ಣದು ಬೆಳಕನ್ನು ಚದುರಿಸುವುದಿಲ್ಲ, ಅದಕ್ಕೇ ಶುದ್ಧ ಎಸ್‌ಬಿಎಸ್ ಪಾರದರ್ಶಕ. ಆ ಗುಂಪುಗಳೇ ವಲ್ಕನೈಸ್ ಮಾಡಿದ ಹಾಗೆ ರಬ್ಬರನ್ನು ಹಿಡಿದಿಡುತ್ತವೆ. ಆದರೆ ಪಾಲಿಸ್ಟೈರೀನ್ 100 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಅದಕ್ಕೆ ಮೊದಲೇ ಗಂಟು ಸಡಿಲವಾಗತೊಡಗುತ್ತದೆ. ಚಪ್ಪಲಿ ಸೋಲ್‌ಗೆ ಸರಿ. ಎಂಜಿನ್ ಪಕ್ಕದ ಸೀಲ್‌ಗೆ ಬೇಡ.

ಇನ್ನೊಂದು ಟಿಪಿವಿ, ಅಂದರೆ ಪ್ಲಾಸ್ಟಿಕ್ಕಿನೊಳಗೆ ವಲ್ಕನೈಸ್ ಆದ ರಬ್ಬರ್ ಕಣಗಳಿರುವ ಮಾಲು. ಇದನ್ನು ಮೊದಲ ಸಲ ಮಾಡಿದ ದಿನ ನನಗೆ ಅಮ್ಮನ ಕಡೆಗೋಲು ನೆನಪಾಯಿತು. 60 ಭಾಗ ಇಪಿಡಿಎಂ, 40 ಭಾಗ ಪಾಲಿಪ್ರೊಪಿಲೀನ್ ಮಿಕ್ಸರಿಗೆ ಹಾಕಿದೆವು. ಕರಗಿ ನುಣ್ಣಗಾಯಿತು, ಟಾರ್ಕ್ (ತಿರುವಲು ಬೇಕಾದ ಬಲ) ಸಮವಾಯಿತು. ತಿರುಗುತ್ತಿರುವಾಗಲೇ ರಬ್ಬರನ್ನು ಮಾತ್ರ ವಲ್ಕನೈಸ್ ಮಾಡುವ ಫಿನಾಲಿಕ್ ರೆಸಿನ್, ಅದಕ್ಕೆ ಬೇಕಾದ ಸ್ಟಾನಸ್ ಕ್ಲೋರೈಡ್ ಹಾಕಿದೆವು. ಟಾರ್ಕ್ ಏರತೊಡಗಿತು. ಕಿಟಕಿಯಿಂದ ನೋಡಿದರೆ ಮಾಲು ಒಡೆದು ಉಪ್ಪಿಟ್ಟಿನ ಹಾಗೆ ಉದುರುದುರಾಯಿತು. ಕೆಟ್ಟಿತು ಅನಿಸಿ ಕೈ ಸ್ವಿಚ್ಚಿಗೆ ಹೋಗುತ್ತದೆ. ನಿಲ್ಲಿಸಬೇಡಿ. ಟಾರ್ಕ್ ಶಿಖರ ದಾಟಿ ಮತ್ತೆ ಸಮವಾಗಿ, ಒಂದೆರಡು ನಿಮಿಷ ಹಾಗೇ ನಿಲ್ಲುವವರೆಗೂ ತಿರುವಿ. ಆ ಹೊತ್ತಿಗೆ ಒಳಗೆ ಹೊರಗೆ ತಿರುಗಿರುತ್ತದೆ. ಜಾಸ್ತಿ ಇರುವ ರಬ್ಬರ್ ಸಣ್ಣ ಕಣಗಳಾಗಿ ಒಳಗೆ, ಕಡಿಮೆ ಇರುವ ಪಾಲಿಪ್ರೊಪಿಲೀನ್ ಹೊರಗೆ. ವಲ್ಕನೈಸ್ ಆದ ಕಣ ಮತ್ತೆ ಕೂಡಿಕೊಳ್ಳಲಾರದು. ಅದಕ್ಕೇ ಟಿಪಿವಿಯನ್ನು ಮತ್ತೆ ಕರಗಿಸಿ ಮೋಲ್ಡ್ ಮಾಡಬಹುದು, ಒಳರಚನೆ ಹಾಗೇ ಉಳಿಯುತ್ತದೆ. ಸ್ಯಾಂಟೊಪ್ರೀನ್ ಹೆಸರಲ್ಲಿ 1981ರಿಂದ ಮಾರುಕಟ್ಟೆಯಲ್ಲಿರುವುದು ಇಂಥದ್ದೇ ಮಾಲು. ರೆಸಿನ್ ಬದಲು ಪೆರಾಕ್ಸೈಡ್ ಹಾಕುವವರು ನೆನಪಿಡಿ, ಅದು ಪಾಲಿಪ್ರೊಪಿಲೀನ್ ಸರಪಳಿಯನ್ನೂ ಕಡಿಯುತ್ತದೆ.

ಮಾನ್ಸಾಂಟೊ ಕಂಪನಿಯಲ್ಲಿ ಕೋರನ್ ಮತ್ತು ಪಟೇಲ್ 1980ರ ಸುಮಾರಿಗೆ ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ವಲ್ಕನೈಸ್ ಮಾಡಿದ ರಬ್ಬರನ್ನು ಬೇರೆಬೇರೆ ಅಳತೆಗೆ ಪುಡಿ ಮಾಡಿ ಪಾಲಿಪ್ರೊಪಿಲೀನ್‌ಗೆ ಬೆರೆಸಿದರು, ಪಕ್ಕಕ್ಕೆ ತಿರುವುತ್ತಲೇ ವಲ್ಕನೈಸ್ ಮಾಡಿದ್ದನ್ನೂ ಇಟ್ಟರು. ಪುಡಿಯಲ್ಲಿ ದಪ್ಪದ್ದು 70 ಮೈಕ್ರಾನ್, ಅಂದರೆ ತಲೆಗೂದಲಿನಷ್ಟು. ತಿರುವಿ ಮಾಡಿದ್ದರ ಕಣ 1ರಿಂದ 1.5 ಮೈಕ್ರಾನ್. ಕಣ ಸಣ್ಣದಾದಂತೆ ಮಾಲು ಹೆಚ್ಚು ಭಾರ ತಡೆಯಿತು, ಹೆಚ್ಚು ಉದ್ದ ಎಳೆದುಕೊಂಡಿತು.

ನಿಮ್ಮ ಟಿಪಿವಿ ಸರಿಯಾಗಿದೆಯಾ ನೋಡಲು ಅದೇ ತಣ್ಣನೆ ಕ್ಸೈಲೀನ್ ಬಾಟಲಿ ಸಾಕು. ತುಂಡು ಉಬ್ಬಬೇಕು, ಕರಗಬಾರದು. ತೊಟ್ಟು ದ್ರಾವಕ ಗಾಜಿನ ಮೇಲೆ ಬಿಟ್ಟು ಆರಿಸಿ. ಜಿಗುಟು ಪೊರೆ ಉಳಿದರೆ ವಲ್ಕನೈಸ್ ಪೂರ್ತಿ ಆಗಿಲ್ಲ, ಅಥವಾ ಎಣ್ಣೆ ಹಾಕಿದ ಮಾಲಾದರೆ ಆ ಎಣ್ಣೆ ಇರಬಹುದು, ಬೆರಳಿಗೆ ತಾಗಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಗ್ಲೌಸ್ ಹಾಕಿಕೊಂಡೇ ತಾಗಿಸಿ. ಆಮೇಲೆ ಕಂಪ್ರೆಷನ್ ಸೆಟ್ ಮಾಡಿಸಿ. ಬಿಲ್ಲೆಯನ್ನು ನೂರಕ್ಕೆ 25 ಭಾಗ ಒತ್ತಿ 70 ಡಿಗ್ರಿಯಲ್ಲಿ 22 ಗಂಟೆ ಇಟ್ಟು, ಬಿಟ್ಟ ಮೇಲೆ ಎಷ್ಟು ವಾಪಸ್ ಏಳುತ್ತದೆ ಅಂತ ಅಳೆಯುವುದು. ಎಸ್‌ಬಿಎಸ್ಸಿಗೂ ಟಿಪಿವಿಗೂ ಇರುವ ಅಂತರ ಅಲ್ಲಿ ಎದ್ದು ಕಾಣುತ್ತದೆ.

ಪ್ರತಿ ಬ್ಯಾಚಿಗೂ

ನಮ್ಮಲ್ಲಿ ಈಗ ಹೀಗೆ ನಡೆಯುತ್ತದೆ. ಬಣ್ಣ ಹಾಕುವ ಮೊದಲು ಒಂದು ಕೈಹಿಡಿ ಮಾಲು ತೆಗೆದು ಹತ್ತು ಪಟ್ಟಿ ಮೋಲ್ಡ್ ಮಾಡುತ್ತೇವೆ. ಐದನ್ನು ಹಾಗೇ ಬಗ್ಗಿಸಿ ಬಿಳಿ ಗೆರೆ ನೋಡುತ್ತೇವೆ. ಅಗಲಕ್ಕೆ ಸಮವಾಗಿ ಹರಡಿದ ಬಿಳಿ ಒಳ್ಳೆಯದು. ಒಂದೇ ಕಡೆ ಚೂಪಾಗಿ ಮೂಡಿದರೆ, ಮೂಡದೆ ಮುರಿದರೆ, ಬ್ಯಾಚ್ ನಿಲ್ಲಿಸುತ್ತೇವೆ. ಉಳಿದ ಐದಕ್ಕೆ ಬ್ಲೇಡಿನಿಂದ ಒಂದೇ ಆಳದ ಗೀರು ಹಾಕಿ, ರಾತ್ರಿ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿಟ್ಟು, ಬೆಳಗ್ಗೆ ತೆಗೆದ ತಕ್ಷಣ ವೈಸ್‌ಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆಯುತ್ತೇವೆ. ತಡ ಮಾಡಿದರೆ ಪಟ್ಟಿ ಬಿಸಿಯಾಗಿ ಸುಳ್ಳು ಹೇಳುತ್ತದೆ. ಈ ಫ್ರೀಜರ್ ಇದಕ್ಕೇ ಮೀಸಲು, ತಿನ್ನುವ ಪದಾರ್ಥ ಇಡುವುದಿಲ್ಲ. ಸುತ್ತಿಗೆ ಪರೀಕ್ಷೆ ಅಂಕಿ ಕೊಡುವುದಿಲ್ಲ, ಕೆಟ್ಟದ್ದನ್ನು ಹಿಡಿದುಕೊಡುತ್ತದೆ. ಅಂಕಿ ಬೇಕಾದಾಗ, ಹೊಸ ಗ್ರೇಡ್ ಬಂದಾಗ ಪ್ಲಾಸ್ಟಿಕ್ ಪರೀಕ್ಷೆ ಮಾಡುವ ಮೈಸೂರಿನ ಸಿಪೆಟ್ ಸಂಸ್ಥೆಯಂಥ ಕಡೆ ಕೊಟ್ಟು ಐಜಾಡ್ ಇಂಪ್ಯಾಕ್ಟ್ (ಏಟಿನ ಪರೀಕ್ಷೆ), ಡಿಎಸ್‌ಸಿ (ಬಿಸಿಗೆ ಮಾಲು ಕರಗುವ, ಮೆತ್ತಗಾಗುವ ಬಗೆ ನೋಡುವ ಪರೀಕ್ಷೆ) ಮಾಡಿಸಿ.

ಮೋಲ್ಡ್‌ನಲ್ಲಿ ಎರಡು ಕಡೆಯಿಂದ ಬಂದ ಮಾಲು ಸೇರುವ ಗೆರೆಯನ್ನು ಬೇರೆಯಾಗಿ ಹೊಡೆದು ನೋಡಿ. ಅಲ್ಲಿ ಹನಿಗಳು ಚಪ್ಪಟೆಯಾಗಿ ಗೆರೆಯ ಉದ್ದಕ್ಕೆ ಮಲಗಿರುತ್ತವೆ. ಪಟ್ಟಿ ಚೆನ್ನಾಗಿದ್ದೂ ಪೀಸು ಒಡೆದರೆ ನಾನು ಮೊದಲು ನೋಡುವುದು ಆ ಗೆರೆಯನ್ನೇ.

ಹೊಡೆದ ಪಟ್ಟಿಗಳನ್ನು ಎಸೆಯುವುದಿಲ್ಲ. ಬ್ಯಾಚ್ ನಂಬರ್, ರಬ್ಬರಿನ ಮೂನಿ, ತಿರುವಿದ ಬಿಸಿ, ಆಂಪ್ಸ್ ಬರೆದ ಚೀಟಿ ಸುತ್ತಿ ಬಿಸ್ಕತ್ ಡಬ್ಬದಲ್ಲಿಡುತ್ತೇವೆ. ಕಳೆದ ವಾರ ಅಣ್ಣ ಒಂದು ಪಟ್ಟಿ ತಂದು ನನ್ನ ಮೇಜಿನ ಮೇಲಿಟ್ಟರು. ಒಡೆದ ಮುಖ ಸ್ವಲ್ಪ ಹೊಳೆಯುತ್ತಿತ್ತು. ಡಬ್ಬದಿಂದ ಹಿಂದಿನ ತಿಂಗಳದ್ದನ್ನು ತೆಗೆದು ಪಕ್ಕಕ್ಕಿಟ್ಟೆವು. ಅದು ಮಂಕಾಗಿತ್ತು, ಅಂಚು ಬೆಳ್ಳಗೆ ಎಳೆದುಕೊಂಡಿತ್ತು. ಮಧ್ಯಾಹ್ನವೇ ಸ್ಕ್ರೂ ಎಳೆಸಿ ನೋಡಿದರೆ ಎರಡನೇ ನೀಡಿಂಗ್ ಬ್ಲಾಕ್ ಸವೆದಿತ್ತು.